ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಜಾರ್ಜ್ ಫರ್ನಾಂಡಿಸ್: ಸಿಗುವುದೆಷ್ಟು, ಕೈತಪ್ಪುವುದೆಲ್ಲಿ

ಹಳೆಯ ಸಂಸದರೊಬ್ಬರ ಬಗ್ಗೆ ನಾಲ್ಕು ಪುಟ ಬರೆಯಬೇಕು, ಪಿಎಚ್‌ಡಿಗೆ ಒಂದು ಅಧ್ಯಾಯ ಮುಗಿಸಬೇಕು, ಅಥವಾ ‘ಅವರು ಸದನದಲ್ಲಿ ಹೀಗೆ ಅಂದಿದ್ದರು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತು ನಿಜವೇ ಎಂದು ನೋಡಬೇಕು. ಇಂಥ ಕೆಲಸಕ್ಕೆ ಲೋಕಸಭಾ ಸಚಿವಾಲಯದ ಪಾರ್ಲಿಮೆಂಟ್ ಡಿಜಿಟಲ್ ಲೈಬ್ರರಿಗಿಂತ ದೊಡ್ಡ ಆಸರೆ ಬೇರೆ ಇಲ್ಲ. ದುಡ್ಡು ಕೊಡಬೇಕಿಲ್ಲ. 1952ರಿಂದೀಚಿನ ಲೋಕಸಭೆಯ ಕಲಾಪ, ಸಂವಿಧಾನ ರಚನಾ ಸಭೆಯ ಚರ್ಚೆ, ಬ್ರಿಟಿಷರ ಕಾಲದ ಶಾಸನ ಸಭೆಗಳ ದಾಖಲೆ, ಸಮಿತಿಗಳ ವರದಿ, ಬಜೆಟ್ ಭಾಷಣ ಎಲ್ಲವೂ ಪಿಡಿಎಫ್ ರೂಪದಲ್ಲಿ ಒಂದೇ ಕಡೆ ಇವೆ. ಸಂಗ್ರಹಕ್ಕೆ ಐದಕ್ಕೆ ಐದು ಕೊಡಬಹುದು. ಹುಡುಕುವ ವ್ಯವಸ್ಥೆಗೆ ಮೂರು ಕೊಟ್ಟರೆ ಹೆಚ್ಚು. ಕಾರಣ, ಒಬ್ಬ ವ್ಯಕ್ತಿಯ ಹೆಸರು ಹಾಕಿ ಅವರ ಇಡೀ ಸಂಸದೀಯ ಬದುಕನ್ನು ಹೊರತೆಗೆಯಬಹುದು ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಹಾಗೆ ಹೊರತೆಗೆದದ್ದರಲ್ಲಿ ಅರ್ಧ ಇರುವುದಿಲ್ಲ, ಇದ್ದುದರಲ್ಲಿ ಒಂದಷ್ಟು ಬೇರೆಯವರದ್ದಾಗಿರುತ್ತದೆ.

ಪರೀಕ್ಷೆಗೆ ಜಾರ್ಜ್ ಫರ್ನಾಂಡಿಸ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದವರು, ಮುಂಬೈಯಲ್ಲಿ ಕಾರ್ಮಿಕ ನಾಯಕರಾದವರು, ಬಿಹಾರದಿಂದ ಮತ್ತೆ ಮತ್ತೆ ಗೆದ್ದವರು. ಒಂಬತ್ತು ಬಾರಿ ಲೋಕಸಭೆ, ಕೊನೆಗೆ ಒಂದು ಸಣ್ಣ ಅವಧಿಯ ರಾಜ್ಯಸಭೆ. ಮೂರು ರಾಜ್ಯಗಳಲ್ಲಿ ಸ್ಪರ್ಧೆ, ಹಲವು ಪಕ್ಷ, ನಾಲ್ಕು ಖಾತೆ, ನಡುವೆ ಜೈಲು. ಇಂಥ ಬದುಕನ್ನು ಹಿಡಿದುಕೊಡಬಲ್ಲ ದಾಖಲೆ ಯಾವ ಸಂಸದರಿಗಾದರೂ ಸಾಕಾಗುತ್ತದೆ.

ಮೊದಲು ಲೈಬ್ರರಿ ತೆರೆಯಬೇಡಿ. ಒಂದು ಹಾಳೆ ತೆಗೆದುಕೊಂಡು ಲೋಕಸಭೆಗಳ ಪಟ್ಟಿ ಬರೆದುಕೊಳ್ಳಿ, ಏಕೆಂದರೆ ಅಲ್ಲಿ ಎಲ್ಲವೂ ಲೋಕಸಭೆಯ ಸಂಖ್ಯೆ, ಅಧಿವೇಶನದ ಸಂಖ್ಯೆ ಮತ್ತು ದಿನಾಂಕದ ಮೇಲೆ ನಿಂತಿದೆ. ಜಾರ್ಜ್ ಅವರ ಪಟ್ಟಿ ಹೀಗಿರುತ್ತದೆ: 4ನೇ ಲೋಕಸಭೆಗೆ 1967ರಲ್ಲಿ ದಕ್ಷಿಣ ಮುಂಬೈಯಿಂದ, ಆಗಿನ ರೈಲ್ವೆ ಸಚಿವ ಎಸ್.ಕೆ. ಪಾಟೀಲರನ್ನು ಸೋಲಿಸಿ. 6ನೆಯದಕ್ಕೆ 1977ರಲ್ಲಿ ಮುಜಫ್ಫರ್‌ಪುರದಿಂದ, ತುರ್ತು ಪರಿಸ್ಥಿತಿಯ ಕಾಲದ ಸ್ಫೋಟಕ ಸಂಚಿನ ಆರೋಪದ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಜೈಲಿನಲ್ಲಿದ್ದುಕೊಂಡೇ, ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ. 7ನೆಯದಕ್ಕೆ 1980ರಲ್ಲಿ, 9ನೆಯದಕ್ಕೆ 1989ರಲ್ಲಿ, 10ನೆಯದಕ್ಕೆ 1991ರಲ್ಲಿ ಮತ್ತೆ ಮುಜಫ್ಫರ್‌ಪುರ. 11, 12, 13ಕ್ಕೆ, ಅಂದರೆ 1996, 1998, 1999ರಲ್ಲಿ ನಳಂದ. 14ನೆಯದಕ್ಕೆ 2004ರಲ್ಲಿ ಪುನಃ ಮುಜಫ್ಫರ್‌ಪುರ. 5 ಮತ್ತು 8 ಇಲ್ಲ ಎಂಬುದನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿ. ಆ ಎರಡು ಖಾಲಿ ಜಾಗಗಳೇ ಮುಂದೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು.

ಈ ಅಸ್ಥಿಪಂಜರವನ್ನು ಎಲ್ಲಿಂದ ತೆಗೆಯಬೇಕು? ಲೋಕಸಭೆಯ ಜಾಲತಾಣದಲ್ಲಿ ಮಾಜಿ ಸದಸ್ಯರ ವಿಭಾಗದಲ್ಲಿ ಪ್ರತಿಯೊಬ್ಬರ ಪರಿಚಯ ಪುಟ ಇದೆ. ತಂದೆ ತಾಯಿ, ವಿದ್ಯಾಭ್ಯಾಸ, ಹೊಂದಿದ್ದ ಹುದ್ದೆಗಳು, ಪ್ರಕಟಿಸಿದ ಪುಸ್ತಕಗಳು, ಭೇಟಿ ಕೊಟ್ಟ ದೇಶಗಳು ಹೀಗೆ. ಓದುವಾಗ ಒಂದು ವಿಷಯ ನೆನಪಿರಲಿ: ಆ ಮಾಹಿತಿ ಬರುವುದು ಸದಸ್ಯರು ತುಂಬಿಕೊಟ್ಟ ನಮೂನೆಯಿಂದ. ಗೆದ್ದ ಚುನಾವಣೆ ಇರುತ್ತದೆ, ಸೋತದ್ದು ಇರುವುದಿಲ್ಲ. 1971ರಲ್ಲಿ ಮುಂಬೈಯ ಸೋಲು, 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫರ ಎದುರಿನ ಸೋಲು, 2009ರಲ್ಲಿ ಮುಜಫ್ಫರ್‌ಪುರದಲ್ಲಿ ಪಕ್ಷೇತರರಾಗಿ ನಿಂತು ಕಂಡ ಸೋಲು, ಈ ಮೂರಕ್ಕೂ ಚುನಾವಣಾ ಆಯೋಗದ ಅಂಕಿಅಂಶ ವರದಿಯನ್ನೇ ನೋಡಬೇಕು. ಹಳೆಯ ವರ್ಷಗಳ ವರದಿ ಎರಡು ಸಂಪುಟಗಳಲ್ಲಿದೆ. ಅಭ್ಯರ್ಥಿವಾರು ವಿವರವಾದ ಫಲಿತಾಂಶ ಮೊದಲನೆಯದರಲ್ಲಿ, ಕ್ಷೇತ್ರವಾರು ಸಾರಾಂಶ ಎರಡನೆಯದರಲ್ಲಿ. ಎರಡನೆಯದನ್ನು ಮಾತ್ರ ಇಳಿಸಿಕೊಂಡು ಸೋತವರ ಮತ ಹುಡುಕುತ್ತಾ ಕೂತರೆ ಸಮಯ ಹಾಳು. ಉಪಚುನಾವಣೆಗಳು ಈ ವರದಿಗಳಲ್ಲಿ ಸೇರುವುದಿಲ್ಲ. 1980ರ ದಶಕದ ನಡುಭಾಗದಲ್ಲಿ ಬಿಹಾರದ ಬಾಂಕಾ ಉಪಚುನಾವಣೆಯಲ್ಲಿ ಜಾರ್ಜ್ ಸೋತದ್ದು ಹಾಗಾಗಿ ಅಲ್ಲಿ ಸಿಗುವುದಿಲ್ಲ. 2002ರಲ್ಲಿ ಕನಕಪುರದ ಉಪಚುನಾವಣೆ ಗೆದ್ದು ಲೋಕಸಭೆಗೆ ಹೋದ ದೇವೇಗೌಡರ ಮೇಲೆ ಇದೇ ಕೆಲಸ ಮಾಡುವವರಿಗೆ ದೊಡ್ಡ ತೂತೇ ಬೀಳುತ್ತದೆ.

ಈಗ ಲೈಬ್ರರಿಗೆ ಬನ್ನಿ. ಹುಡುಕು ಪೆಟ್ಟಿಗೆಯಲ್ಲಿ ‘ಫರ್ನಾಂಡಿಸ್’ ಎಂದು ಹಾಕಿದ ತಕ್ಷಣ ಬರುವ ರಾಶಿ ನೋಡಿ ಖುಷಿಯಾಗುತ್ತದೆ. ಆದರೆ ಸಂಸತ್ತಿನಲ್ಲಿ ಕರಾವಳಿಯ ಇಬ್ಬರು ಫರ್ನಾಂಡಿಸರು ಇದ್ದರು. ಆಸ್ಕರ್ ಫರ್ನಾಂಡಿಸ್ 1980ರಿಂದ ಸತತ ಐದು ಬಾರಿ, ಅಂದರೆ 7ರಿಂದ 11ನೇ ಲೋಕಸಭೆಯವರೆಗೆ, ಉಡುಪಿಯ ಸಂಸದರು. 7, 9, 10, 11ರಲ್ಲಿ ಇಬ್ಬರೂ ಒಟ್ಟಿಗೆ ಸದನದಲ್ಲಿದ್ದಾರೆ, ಎದುರುಬದುರು ಪಕ್ಷಗಳಲ್ಲಿ. 8ರಲ್ಲಿ ಜಾರ್ಜ್ ಸದಸ್ಯರೇ ಅಲ್ಲ, ಆದ್ದರಿಂದ 1985ರಿಂದ 1989ರವರೆಗಿನ ಚರ್ಚೆಯಲ್ಲಿ ಫರ್ನಾಂಡಿಸ್ ಹೆಸರಲ್ಲಿ ಭಾಷಣ ಸಿಕ್ಕರೆ ಅದು ಜಾರ್ಜ್ ಅವರದ್ದಲ್ಲ. 13ನೇ ಲೋಕಸಭೆಯಲ್ಲಿ ಈ ಗೊಂದಲ ಇಲ್ಲ, ಆಸ್ಕರ್ 1998ರಲ್ಲೇ ರಾಜ್ಯಸಭೆಗೆ ಹೋಗಿದ್ದರು. 14ರಲ್ಲಿ ಗೊಂದಲ ಹಿಂದಿರುಗುತ್ತದೆ: ಜಾರ್ಜ್ ಮುಜಫ್ಫರ್‌ಪುರದ ಸದಸ್ಯರಾಗಿ, ಆಸ್ಕರ್ ಯುಪಿಎ ಸರ್ಕಾರದ ಸಚಿವರಾಗಿ, ಇಬ್ಬರ ಹೆಸರೂ ಲೋಕಸಭೆಯ ಪುಟಗಳಲ್ಲಿ ಬರುತ್ತದೆ. ಸಂವಿಧಾನದ 88ನೇ ವಿಧಿಯ ಪ್ರಕಾರ ಸಚಿವರು ತಾವು ಸದಸ್ಯರಲ್ಲದ ಸದನದಲ್ಲೂ ಮಾತನಾಡಬಹುದು.

ಇದೇ 88ನೇ ವಿಧಿ ಇನ್ನೊಂದು ದೊಡ್ಡ ನಿಧಿಯ ಕೀಲಿಕೈ. ಜಾರ್ಜ್ ಅವರನ್ನು ಲೋಕಸಭೆಯ ಮನುಷ್ಯ ಎಂದುಕೊಂಡು ಲೋಕಸಭೆಯಲ್ಲಷ್ಟೇ ಹುಡುಕುವವರು ಅವರ ಮಾತಿನ ಒಂದು ದೊಡ್ಡ ಪಾಲನ್ನು ಕಳೆದುಕೊಳ್ಳುತ್ತಾರೆ. ಸಚಿವರಾಗಿದ್ದ ಮೂರೂ ಕಾಲಘಟ್ಟಗಳಲ್ಲಿ ಅವರು ರಾಜ್ಯಸಭೆಗೂ ಉತ್ತರ ಕೊಡಬೇಕಿತ್ತು. ರಾಜ್ಯಸಭೆಯ ಚರ್ಚೆಗಳಿಗೆ ಪ್ರತ್ಯೇಕ ತಾಣ ಇದೆ, ಈ ಲೈಬ್ರರಿಯಿಂದ ಅಲ್ಲಿಗೆ ಹುಡುಕಾಟ ತಾನಾಗಿ ಹರಿಯುವುದಿಲ್ಲ. 1998–2004ರ ರಾಜ್ಯಸಭೆಯಲ್ಲಿ ಆಸ್ಕರ್ ಸದಸ್ಯರು, ಜಾರ್ಜ್ ಉತ್ತರ ಕೊಡುವ ಸಚಿವರು ಎಂಬುದನ್ನೂ ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. 2009ರ ಆಗಸ್ಟ್‌ನಿಂದ 2010ರ ಜುಲೈವರೆಗೆ ಇಬ್ಬರೂ ಅಲ್ಲಿನ ಸದಸ್ಯರೇ. ಆ ಹೊತ್ತಿಗೆ ಜಾರ್ಜ್ ಅವರ ಆರೋಗ್ಯ ಪೂರ್ತಿ ಕುಸಿದಿತ್ತು. ಆ ವರ್ಷದಲ್ಲಿ ಅವರ ಭಾಷಣ ಹುಡುಕಿ ಸಿಗಲಿಲ್ಲವೆಂದು ತಾಣವನ್ನು ದೂರಬೇಕಾಗಿಲ್ಲ.

ಹೆಸರಿನ ಕಾಗುಣಿತವೂ ಕಾಡುತ್ತದೆ. ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ಎಸ್ ಬದಲು ಝೆಡ್ ಆಗಿರಬಹುದು, ಮೊದಲ ಹೆಸರು ಇನಿಷಿಯಲ್ ಆಗಿರಬಹುದು, ಸ್ಕ್ಯಾನ್ ಮಾಡಿದ ಪುಟದಿಂದ ಯಂತ್ರ ಓದಿಕೊಂಡ ಪಠ್ಯದಲ್ಲಿ ‘ಆರ್‌ಎನ್’ ಸೇರಿ ‘ಎಂ’ ಆಗಿರಬಹುದು. ಹಿಂದಿ ಭಾಷಣಗಳದ್ದು ಇನ್ನೂ ಕಷ್ಟ. 1960–70ರ ದಶಕಗಳ ಮುದ್ರಿತ ಸಂಪುಟಗಳಲ್ಲಿ ಹಿಂದಿಯಲ್ಲಿ ಆಡಿದ ಮಾತು ದೇವನಾಗರಿಯಲ್ಲೇ ಅಚ್ಚಾಗಿದೆ. ಹಳೆಯ ಅಚ್ಚಿನ ದೇವನಾಗರಿಯನ್ನು ಯಂತ್ರ ಓದುವಾಗ ತಪ್ಪು ಹೆಚ್ಚು. ಜಾರ್ಜ್ ಹಿಂದಿ, ಇಂಗ್ಲಿಷ್ ಎರಡರಲ್ಲೂ ಸಲೀಸಾಗಿ ಮಾತಾಡುತ್ತಿದ್ದವರು. ಇಂಗ್ಲಿಷ್ ಪದ ಹಾಕಿ ಹುಡುಕುವವರಿಗೆ ಅವರ ಹಿಂದಿ ಮಾತುಗಳು ಕಾಣಿಸುವುದೇ ಇಲ್ಲ. ಆದ್ದರಿಂದ ಹೆಸರಿನಿಂದ ಹೊರಡಬೇಡಿ, ದಿನಾಂಕದಿಂದ ಹೊರಡಿ. ಈ ಲೈಬ್ರರಿಯನ್ನು ಬಳಸುವ ಸರಿಯಾದ ದಾರಿ ಇದೊಂದೇ.

ದಿನಾಂಕ ಗೊತ್ತಾದ ಮೇಲೆ ಕೆಲಸ ಹೀಗೆ ಸಾಗುತ್ತದೆ. ಲೋಕಸಭೆಯ ಕಲಾಪವನ್ನು ಎರಡು ಭಾಗ ಮಾಡಿದ್ದಾರೆ: ಭಾಗ 1 ಪ್ರಶ್ನೋತ್ತರ, ಭಾಗ 2 ಉಳಿದದ್ದೆಲ್ಲ, ಅಂದರೆ ಶೂನ್ಯ ವೇಳೆ, ಗಮನ ಸೆಳೆಯುವ ಸೂಚನೆ, ಮಸೂದೆ, ಅವಿಶ್ವಾಸ ನಿರ್ಣಯ. ಭಾಷಣ ಬೇಕಾದವರು ನೇರ ಭಾಗ 2ಕ್ಕೆ ಹೋಗಬೇಕು. ಅದರಲ್ಲಿ ವಿಷಯವಾರು ಬಿಡಿ ಕಡತಗಳೂ ಇವೆ, ಇಡೀ ದಿನದ ಸಂಪುಟವೂ ಇದೆ. ಬಿಡಿ ಕಡತ ಹಗುರ, ಬೇಗ ಇಳಿಯುತ್ತದೆ. ಆದರೂ ಮುಖ್ಯ ದಿನಗಳಿಗೆ ಇಡೀ ದಿನದ ಕಡತವನ್ನೇ ತೆಗೆದುಕೊಳ್ಳಿ. ಒಂದೊಂದು ನೂರಾರು ಪುಟವಿರುತ್ತದೆ, ಮೊಬೈಲ್ ಡೇಟಾದಲ್ಲಿ ಇಳಿಸುವುದಕ್ಕಿಂತ ವೈಫೈ ಇದ್ದಲ್ಲಿ ಇಳಿಸುವುದು ಲೇಸು. ದೊಡ್ಡ ಕಡತ ಯಾಕೆ ಬೇಕೆಂದರೆ, ಮೊದಲ ಪುಟಗಳಲ್ಲಿ ಆ ದಿನದ ವಿಷಯಸೂಚಿ, ಮಾತಾಡಿದವರ ಹೆಸರು, ಅಂಕಣ ಸಂಖ್ಯೆ ಎಲ್ಲ ಇರುತ್ತದೆ. ನಡುವೆ ಎದ್ದು ಆಕ್ಷೇಪಿಸಿದ ಮಾತುಗಳು ಬಿಡಿ ಕಡತದ ವಿವರಪಟ್ಟಿಯಲ್ಲಿ ಸೇರಿರುತ್ತವೆಂಬ ಖಾತ್ರಿ ಇಲ್ಲ. ಜಾರ್ಜ್ ಅವರಂಥವರ ಬಗ್ಗೆ ಬರೆಯುವಾಗ ಆ ನಡುಮಾತುಗಳೇ ಅರ್ಧ ಜೀವ.

ಸಂಪುಟದ ಮುಖಪುಟದಲ್ಲಿ ಎರಡು ದಿನಾಂಕ ಕಂಡರೆ ಗಾಬರಿ ಬೇಡ. 1979ರ ಜುಲೈ 12, ಗುರುವಾರ ಎಂಬುದರ ಪಕ್ಕದಲ್ಲೇ ಆಷಾಢ 21, 1901 ಎಂಬ ಶಕ ದಿನಾಂಕವಿರುತ್ತದೆ. 1901 ಎಂಬುದನ್ನು ಇಸವಿ ಎಂದುಕೊಂಡು ಕಡತವನ್ನು ತಪ್ಪು ಜಾಗಕ್ಕೆ ಸೇರಿಸಿಬಿಡುವುದು ಹೊಸಬರು ಮಾಡುವ ತಪ್ಪು.

ಆ ಜುಲೈಯನ್ನೇ ಮೊದಲ ಪರೀಕ್ಷೆಯಾಗಿ ಇಟ್ಟುಕೊಳ್ಳಿ. ಮೊರಾರ್ಜಿ ದೇಸಾಯಿ ಸರ್ಕಾರದ ವಿರುದ್ಧ ವೈ.ಬಿ. ಚವಾಣ್ ಅವಿಶ್ವಾಸ ನಿರ್ಣಯ ತಂದರು. ಕೈಗಾರಿಕಾ ಸಚಿವ ಜಾರ್ಜ್ ಸರ್ಕಾರವನ್ನು ಬಲವಾಗಿ ಸಮರ್ಥಿಸಿ ದೀರ್ಘ ಭಾಷಣ ಮಾಡಿದರು, ಕೆಲವೇ ದಿನಗಳಲ್ಲಿ ಅದೇ ಸರ್ಕಾರದಿಂದ ಹೊರನಡೆದರು. ಮತಕ್ಕೆ ಹಾಕುವ ಮುನ್ನವೇ, ಜುಲೈ 15ರಂದು ಮೊರಾರ್ಜಿ ರಾಜೀನಾಮೆ ಕೊಟ್ಟರು. ಜಾರ್ಜ್ ಬದುಕಿನಲ್ಲಿ ಇಂದಿಗೂ ಅತಿ ಹೆಚ್ಚು ಟೀಕೆಗೆ ಒಳಗಾದ ತಿರುವು ಇದು. ಬರೆಯುವವರೆಲ್ಲ ಒಬ್ಬರನ್ನೊಬ್ಬರು ನೋಡಿ ಬರೆಯುತ್ತಾರೆ, ಭಾಷಣ ಓದುವವರು ಕಡಿಮೆ. 6ನೇ ಲೋಕಸಭೆ, 1979ರ ಜುಲೈ ಎರಡನೇ ವಾರ, ಭಾಗ 2 ಎಂದು ಹೋದರೆ ಆ ಚರ್ಚೆಯನ್ನು ಮೊದಲಿಂದ ಕೊನೆಯವರೆಗೆ ಓದಬಹುದು. ಭಾಷಣವೊಂದನ್ನೇ ಕತ್ತರಿಸಿ ಓದಬೇಡಿ, ಅವರ ಮೊದಲು ಮತ್ತು ನಂತರ ಮಾತಾಡಿದವರನ್ನೂ ಓದಿ.

ಎರಡನೇ ಪರೀಕ್ಷೆ ಇನ್ನೂ ಸೊಗಸು: 1974ರ ರೈಲ್ವೆ ಮುಷ್ಕರ. ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಅಧ್ಯಕ್ಷರಾಗಿ ಜಾರ್ಜ್ ಮುನ್ನಡೆಸಿದ ಆ ಮುಷ್ಕರ ಮೇ 8ರಂದು ಆರಂಭವಾಗಿ ಸುಮಾರು 20 ದಿನ ನಡೆಯಿತು. ಆಗ ಅವರು ಸಂಸದರಲ್ಲ. 5ನೇ ಲೋಕಸಭೆಯಲ್ಲಿ ಸದಸ್ಯರ ಹೆಸರಿನಿಂದ ಹುಡುಕಿದರೆ ಸೊನ್ನೆ. ಆದರೆ ರೈಲ್ವೆ ಸಚಿವ ಎಲ್.ಎನ್. ಮಿಶ್ರಾ ಅವರ ಹೇಳಿಕೆಗಳು, ವಿರೋಧ ಪಕ್ಷಗಳ ಗಮನ ಸೆಳೆಯುವ ಸೂಚನೆಗಳು ಎಂದು 1974ರ ಏಪ್ರಿಲ್–ಮೇ ಕಲಾಪವನ್ನು ದಿನ ದಿನ ತೆರೆದು ನೋಡಿ. ಸದನದಲ್ಲಿ ಇಲ್ಲದ ಮನುಷ್ಯನ ಸುತ್ತ ಸದನ ಸುತ್ತುವುದು ಕಾಣುತ್ತದೆ. ಹೆಸರಿನ ಹುಡುಕಾಟಕ್ಕೆ ಇದನ್ನು ತೋರಿಸುವ ಶಕ್ತಿಯೇ ಇಲ್ಲ.

ಕಾರ್ಗಿಲ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ರಕ್ಷಣಾ ಸಚಿವರು ಯುದ್ಧ ನಡೆಯುವಾಗ ಲೋಕಸಭೆಯಲ್ಲಿ ಏನು ಹೇಳಿದರು ಎಂದು 1999ರ ಮೇ, ಜೂನ್, ಜುಲೈ ಹುಡುಕಿದರೆ ಏನೂ ಇಲ್ಲ. ತಾಣ ಕೆಟ್ಟಿಲ್ಲ. ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಲ್ಲಿ ಒಂದು ಮತದಿಂದ ಬಿತ್ತು, ಏಪ್ರಿಲ್ 26ಕ್ಕೆ 12ನೇ ಲೋಕಸಭೆ ವಿಸರ್ಜನೆಯಾಯಿತು. ಯುದ್ಧ ನಡೆದಾಗ ಲೋಕಸಭೆಯೇ ಇರಲಿಲ್ಲ. ರಾಜ್ಯಸಭೆಯ ವಿಶೇಷ ಅಧಿವೇಶನ ಕರೆಯಿರಿ ಎಂದು ವಿರೋಧ ಪಕ್ಷಗಳು ಕೇಳಿದ್ದವು, ಕರೆಯಲಿಲ್ಲ. ಕಾರ್ಗಿಲ್ ಕುರಿತ ಚರ್ಚೆ ಬೇಕಾದವರು 13ನೇ ಲೋಕಸಭೆಗೆ ಹೋಗಬೇಕು, ಮುಖ್ಯವಾಗಿ ಕಾರ್ಗಿಲ್ ಪರಾಮರ್ಶೆ ಸಮಿತಿಯ ವರದಿ ಮಂಡನೆಯಾದ 2000ದ ಬಜೆಟ್ ಅಧಿವೇಶನಕ್ಕೆ.

ಪ್ರಶ್ನೋತ್ತರದ ಭಾಗದಲ್ಲಿ ಲೆಕ್ಕ ಹಾಕುವ ಚಟ ಬೇಡ. ‘ಇಷ್ಟು ವರ್ಷ ಸಂಸದರು, ಕೇಳಿದ ಪ್ರಶ್ನೆ ಇಷ್ಟೇ’ ಎಂಬ ಪಟ್ಟಿಗಳು ಸಚಿವರಾಗಿದ್ದವರಿಗೆ ಅನ್ಯಾಯ ಮಾಡುತ್ತವೆ. ಸಚಿವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಜರಿ ಪುಸ್ತಕಕ್ಕೂ ಸಹಿ ಹಾಕುವುದಿಲ್ಲ. ಹಾಗಾಗಿ ಆ ವರ್ಷಗಳಲ್ಲಿ ಇಲಾಖೆಯ ಹೆಸರಿನಿಂದ ಹುಡುಕಿ: 1977ರಲ್ಲಿ ಮೊದಲ ಕೆಲವು ತಿಂಗಳು ಸಂಪರ್ಕ, ಆಮೇಲೆ 1979ರವರೆಗೆ ಕೈಗಾರಿಕೆ, 1989–90ರಲ್ಲಿ ರೈಲ್ವೆ, 1998ರಿಂದ 2004ರವರೆಗೆ ರಕ್ಷಣೆ. ರಕ್ಷಣೆಯ ನಡುವೆ ಒಂದು ಬಿರುಕಿದೆ. ರಕ್ಷಣಾ ಖರೀದಿಯಲ್ಲಿ ಲಂಚದ ಕುರಿತ ಗುಪ್ತ ಕ್ಯಾಮೆರಾ ವರದಿ, ಅಂದರೆ ತೆಹಲ್ಕಾ ಪ್ರಕರಣದ ಬೆನ್ನಲ್ಲಿ 2001ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು, ಅಕ್ಟೋಬರ್‌ನಲ್ಲಿ ಮರಳಿದರು. ನಡುವಿನ ತಿಂಗಳುಗಳಲ್ಲಿ ಖಾತೆ ಜಸ್ವಂತ್ ಸಿಂಗ್ ಅವರ ಬಳಿ ಇತ್ತು, ಆ ಉತ್ತರಗಳನ್ನು ಜಾರ್ಜ್ ಅವರ ಲೆಕ್ಕಕ್ಕೆ ಬರೆಯಬಾರದು. ಮರಳಿದ ಮೇಲೆ ಅವರು ಮಾತಾಡಲು ಎದ್ದಾಗ ವಿರೋಧ ಪಕ್ಷದವರು ಬಹಿಷ್ಕರಿಸುತ್ತಿದ್ದರು, ಆದ್ದರಿಂದ 2001ರ ಚಳಿಗಾಲದ ಅಧಿವೇಶನದ ನಂತರದ ಪುಟಗಳಲ್ಲಿ ‘ಅಡಚಣೆ’ ಎಂಬ ಆವರಣದ ಪದ ಬಂದಲ್ಲೆಲ್ಲ ಹಿನ್ನೆಲೆ ಗೊತ್ತಿದ್ದು ಓದಬೇಕು.

ಚುಕ್ಕೆ ಗುರುತಿನ ಪ್ರಶ್ನೆ, ಗುರುತಿಲ್ಲದ ಪ್ರಶ್ನೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗುರುತಿಲ್ಲದ್ದಕ್ಕೆ ಬರುವುದು ಲಿಖಿತ ಉತ್ತರ, ಇಲಾಖೆಯ ಅಧಿಕಾರಿಗಳು ಸಿದ್ಧಪಡಿಸಿದ್ದು. ಅಂಕಿಅಂಶಕ್ಕೆ ಅದು ಚಿನ್ನ, ಸಚಿವರ ಮನಸ್ಸನ್ನು ಅರಿಯಲು ಅಲ್ಲ. ಚುಕ್ಕೆ ಗುರುತಿನದ್ದರಲ್ಲಿ ಉಪಪ್ರಶ್ನೆ ಕೇಳುತ್ತಾರೆ, ಸಚಿವರು ನಿಂತಲ್ಲೇ ಉತ್ತರಿಸಬೇಕು. ಕೋಕಾ ಕೋಲಾ 1977ರಲ್ಲಿ ಭಾರತ ಬಿಟ್ಟುಹೋದದ್ದನ್ನು ತೆಗೆದುಕೊಳ್ಳಿ. ‘ಜಾರ್ಜ್ ಓಡಿಸಿದರು’ ಎಂಬುದು ಜನರ ಬಾಯಲ್ಲಿ ಉಳಿದ ಮಾತು. ಅದರ ಹಿಂದೆ 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಮತ್ತು ವಿದೇಶಿ ಪಾಲನ್ನು ಶೇ 40ಕ್ಕೆ ಇಳಿಸಬೇಕೆಂಬ ಷರತ್ತು ಇತ್ತು, ಆ ಕಾಯ್ದೆ ಬಂದದ್ದು ಇಂದಿರಾ ಗಾಂಧಿ ಕಾಲದಲ್ಲಿ. ಈ ಎಳೆಯನ್ನು ಬಿಡಿಸಲು ಕೈಗಾರಿಕಾ ಇಲಾಖೆಯ ಆ ಎರಡು ವರ್ಷಗಳ ಪ್ರಶ್ನೋತ್ತರದಷ್ಟು ನಂಬಬಹುದಾದ ಮೂಲ ಬೇರೆ ಇಲ್ಲ.

ಸಮಿತಿ ವರದಿಗಳ ವಿಭಾಗ ದೊಡ್ಡದು, ಆದರೆ ಒಬ್ಬ ಸದಸ್ಯರ ಬದುಕು ಬರೆಯುವವರಿಗೆ ಅಷ್ಟು ಪ್ರಯೋಜನವಿಲ್ಲ. ಸಮಿತಿಯೊಳಗೆ ಯಾರು ಏನು ಹೇಳಿದರು ಎಂಬುದು ವರದಿಯಲ್ಲಿ ಬರುವುದಿಲ್ಲ. ಸದಸ್ಯರ ಪಟ್ಟಿ, ಸಭೆಗೆ ಹಾಜರಿದ್ದವರ ಹೆಸರು, ಅಷ್ಟೇ.

ಕನ್ನಡದವರಿಗೆ 4ನೇ ಲೋಕಸಭೆಯ ಸಂಪುಟಗಳಲ್ಲಿ ಒಂದು ಬೋನಸ್ ಇದೆ. ಜಾರ್ಜ್ ಮೊದಲ ಬಾರಿ ಗೆದ್ದ ಆ ಸದನದಲ್ಲಿ ಅವರ ಸಂಯುಕ್ತ ಸೋಷಲಿಸ್ಟ್ ಪಕ್ಷದ ಸಾಲಿನಲ್ಲೇ ರಾಮಮನೋಹರ ಲೋಹಿಯಾ, ಮಧು ಲಿಮಯೆ ಜೊತೆಗೆ ಶಿವಮೊಗ್ಗದ ಜೆ.ಎಚ್. ಪಟೇಲರೂ ಇದ್ದರು. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು ಎಂದು ಪಟೇಲರು ಹೆಸರಾದದ್ದು ಆಗಲೇ. 1967ರ ಅಕ್ಟೋಬರ್ 12ರಂದು ಲೋಹಿಯಾ ತೀರಿಕೊಂಡರು, ಹಾಗಾಗಿ ಈ ನಾಲ್ವರೂ ಒಟ್ಟಿಗೆ ಕುಳಿತದ್ದು ಕೆಲವೇ ತಿಂಗಳು. ಆ ತಿಂಗಳುಗಳ ಭಾಗ 2ನ್ನು ಸಾಲಾಗಿ ಓದುವ ತಾಳ್ಮೆ ಇದ್ದವರಿಗೆ ಸಮಾಜವಾದಿಗಳು ಸದನವನ್ನು ಹೇಗೆ ಬಳಸುತ್ತಿದ್ದರು ಎಂಬುದು ಯಾವ ಉಪನ್ಯಾಸವೂ ಕಲಿಸದಷ್ಟು ಚೆನ್ನಾಗಿ ತಿಳಿಯುತ್ತದೆ. ಕೊಂಕಣ ರೈಲಿನ ಎಳೆ ಹಿಡಿಯುವವರು 9ನೇ ಲೋಕಸಭೆಯಲ್ಲಿ ಜಾರ್ಜ್ ರೈಲ್ವೆ ಸಚಿವರಾಗಿದ್ದ ಪುಟಗಳಿಂದ ಆರಂಭಿಸಿ ಅಲ್ಲಿಗೇ ನಿಲ್ಲಿಸಬಾರದು. ನಿಗಮ ನೋಂದಣಿಯಾದದ್ದು 1990ರ ಜುಲೈಯಲ್ಲಿ, ಸರ್ಕಾರ ಬಿದ್ದದ್ದು ಅದೇ ನವೆಂಬರಿನಲ್ಲಿ. 10ನೇ ಲೋಕಸಭೆಯಲ್ಲಿ ಆ ಕೆಲಸದ ಬಗ್ಗೆ ಉತ್ತರ ಕೊಡಬೇಕಾದ ರೈಲ್ವೆ ಸಚಿವರು ಜಾಫರ್ ಷರೀಫ್, 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಜಾರ್ಜ್ ಅವರನ್ನು ಸೋಲಿಸಿದವರೇ.

ಭಾಷೆಯ ವಿಷಯದಲ್ಲಿ ಸೇವೆ ನಿರಾಸೆ ಮೂಡಿಸುತ್ತದೆ. ತಾಣ ನಡೆಯುವುದು ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕುವ ಆಸೆ ಇಟ್ಟುಕೊಳ್ಳಬೇಡಿ. ಕನ್ನಡದಲ್ಲಿ ಮಾಡಿದ ಭಾಷಣಗಳು ಇಂಗ್ಲಿಷ್ ಆವೃತ್ತಿಯಲ್ಲಿ ಅನುವಾದವಾಗಿ, ಮೂಲ ಕನ್ನಡ ಎಂಬ ಅಡಿಟಿಪ್ಪಣಿಯೊಂದಿಗೆ ಬರುತ್ತವೆ. ನಮ್ಮ ಸಂಸದರು ನಮ್ಮ ಭಾಷೆಯಲ್ಲಿ ಆಡಿದ ಮಾತನ್ನು ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ತಂದುಕೊಳ್ಳಬೇಕಾದ ಸ್ಥಿತಿ ನಿಜಕ್ಕೂ ನೋವಿನದು. ಇದಕ್ಕಾಗಿಯೇ ಒಂದು ಅಂಕ ಕಡಿಮೆ. ಹಿಂದಿ ಭಾಷಣವಾದರೆ ಮೂಲ ಆವೃತ್ತಿ, ಇಂಗ್ಲಿಷ್ ಆವೃತ್ತಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಇಂಗ್ಲಿಷಿನಲ್ಲಿ ‘ಅನುವಾದ’ ಎಂಬ ಗುರುತಿನ ಕೆಳಗೆ ಇರುವುದು ಅವರ ಬಾಯಿಂದ ಬಂದ ಪದಗಳಲ್ಲ, ಉದ್ಧರಣ ಚಿಹ್ನೆಯೊಳಗೆ ಹಾಕುವಂತಿಲ್ಲ.

ಉದ್ಧರಿಸುವಾಗ ಇನ್ನೆರಡು ಎಚ್ಚರಿಕೆ. ನಕ್ಷತ್ರ ಚಿಹ್ನೆಗಳ ಸಾಲು ಕಂಡರೆ ಆ ಮಾತು ಸಭಾಧ್ಯಕ್ಷರ ಆದೇಶದಂತೆ ಕಡತದಿಂದ ತೆಗೆದದ್ದು. ಅಂದಿನ ಪತ್ರಿಕೆಯಲ್ಲಿ ಸಿಕ್ಕಿತೆಂದು ಅದನ್ನು ತುಂಬಿ ಪ್ರಕಟಿಸಿದರೆ ಹಕ್ಕುಚ್ಯುತಿಯ ಪ್ರಶ್ನೆ ಏಳಬಹುದು. ಇತ್ತೀಚಿನ ವರ್ಷಗಳ ಕಲಾಪದ ಮೇಲೆ ‘ತಿದ್ದಿಲ್ಲದ ಪ್ರತಿ’ ಎಂದಿದ್ದರೆ ಅಂತಿಮ ಪ್ರತಿಗೆ ಕಾಯಿರಿ. ಮತ ವಿಭಜನೆಯ ಪಟ್ಟಿ ನೋಡುವಾಗ ಪುಟದ ಅಡಿಯಲ್ಲಿರುವ ಸಣ್ಣಕ್ಷರವನ್ನು ಬಿಡಬೇಡಿ. ಯಂತ್ರದಲ್ಲಿ ದಾಖಲಾಗದೆ ಆಮೇಲೆ ಸೇರಿಸಿದವರ ಹೆಸರು ಅಲ್ಲಿರುತ್ತದೆ. ಧ್ವನಿಮತವಾದರೆ ಯಾರು ಯಾವ ಕಡೆ ಎಂಬ ದಾಖಲೆಯೇ ಇಲ್ಲ.

ಇಳಿಸಿದ ಕಡತಗಳಿಗೆ ತಾಣ ಕೊಡುವ ಹೆಸರು ಬರೀ ಸಂಖ್ಯೆ, ಹತ್ತು ಕಡತ ಆಗುವಷ್ಟರಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಇಳಿದ ಕೂಡಲೇ ‘06-1979-07-12-ಭಾಗ2’ ಎಂಬಂತೆ ಲೋಕಸಭೆ, ವರ್ಷ, ತಿಂಗಳು, ದಿನ ಸೇರಿಸಿ ಹೆಸರು ಬದಲಿಸಿ, ಆಗ ಕಂಪ್ಯೂಟರ್ ತಾನೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ಟಿಪ್ಪಣಿ ಬರೆಯುವಾಗ ಪಿಡಿಎಫ್‌ನ ಪುಟ ಸಂಖ್ಯೆ ಕೊಡಬೇಡಿ. ಹಳೆಯ ಸಂಪುಟಗಳಲ್ಲಿ ಪುಟವನ್ನು ಎರಡು ಅಂಕಣ ಮಾಡಿ ಅಂಕಣಕ್ಕೆ ಸಂಖ್ಯೆ ಹಾಕಿದ್ದಾರೆ. ಸರಣಿ, ಸಂಪುಟ, ದಿನಾಂಕ, ಅಂಕಣ ಈ ನಾಲ್ಕನ್ನು ಬರೆದರೆ, ನಾಳೆ ತಾಣದ ವಿಳಾಸವೇ ಬದಲಾದರೂ ಓದುಗರು ಅಚ್ಚಿನ ಪ್ರತಿಯಲ್ಲಿ ಅದೇ ಸಾಲನ್ನು ತೆರೆದು ನೋಡಬಹುದು.